ಗಾಡಿಗೂ ಒಂದು ಮೂಗಿದೆ

“ಟೀಚರೇ, ನಿಮಗ್ಯಾಕೆ ಎಂಜಿನ್ನಿನ ಉಸಾಬರಿ?” ಎಂದು ಎರಡು ಮಳೆಗಾಲದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಕೇಳುವವರು ಗಂಡಸರಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಹೆಂಗಸರೂ ಕೇಳುತ್ತಾರೆ, ಅದೂ ತಮ್ಮ ಸ್ಕೂಟರನ್ನು ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕೇಳುತ್ತಾರೆ! ಆದ್ದರಿಂದ ಈ ಜಗಳವನ್ನು ಬರೆದೇ ಆಡುವುದು ಎಂದು ಕೂತಿದ್ದೇನೆ.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಕನ್ನಡ ಮತ್ತು ಸಮಾಜ ಪಾಠ ಹೇಳುವವಳು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ಕಡೆಯ ಶಾಲೆಗಳಲ್ಲಿ ದುಡಿದು ಮೂರೂ ಕಡೆಯ ಮಳೆಗೆ ಮೈಯೊಡ್ಡಿದವಳು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಅದರ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಹಪ್ಪಳ ಸಂಡಿಗೆ ಒಣಗಿಸಿ ಡಬ್ಬ ತುಂಬುವುದು, ಕಟ್ಟಿಗೆ ಒಟ್ಟುವುದು, ಮಾಡಿನ ಹೆಂಚು ಕೈಯಾಡಿಸುವುದು, ಹೀಗೆ ಮಳೆಗಾಲದ ತಯಾರಿ ಎಂದರೆ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮಕ್ಕಳನ್ನೂ ಮುದುಕರನ್ನೂ ಕೂರಿಸಿಕೊಂಡು ಹೋಗುವ ಗಾಡಿಗೆ ಮಾತ್ರ ಯಾವ ತಯಾರಿಯೂ ಇಲ್ಲ. ಅದು ಗಂಡಸರ ಬಾಬತ್ತು ಎಂದು ಬಿಟ್ಟಿದ್ದೇವೆ. ಹಾಗೆ ಬಿಟ್ಟದ್ದು ತಪ್ಪು ಎಂಬುದೇ ನನ್ನ ವಾದ. ಆ ತಪ್ಪನ್ನು ನಾನೂ ಮಾಡಿದ್ದೇನೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿದ್ದಾನೆ. ಹಳೆಯ ಟ್ರಾವೆಲರ್ ಗಾಡಿಯೊಂದನ್ನು ಕೊಂಡು, ಒಳಗೆ ಎರಡು ಹಾಸಿಗೆ, ಪುಟ್ಟ ಅಡುಗೆ ಕಟ್ಟೆ, ನಲ್ಲಿ, ನೀರಿನ ಟಾಂಕಿ, ಫ್ಯಾನು ಎಲ್ಲ ಕೂರಿಸಿ, ಕಾಗದಪತ್ರ ಸರಿ ಮಾಡಿಸಿಕೊಂಡು ‘ಕ್ಯಾರವಾನ್’ ಮಾಡಿಕೊಂಡಿದ್ದ. ಎರಡು ವರ್ಷದ ಹಿಂದೆ ಆಷಾಢದಲ್ಲಿ ಹೆಂಡತಿ, ಮಗುವನ್ನು ಕರೆದುಕೊಂಡು “ದೊಡ್ಡಮ್ಮ, ಈ ಸಲ ಮಳೆ ನೋಡಲಿಕ್ಕೇ ಬಂದದ್ದು” ಎಂದು ನಮ್ಮ ಅಂಗಳದಲ್ಲಿ ಇಳಿದ. ನಾನು ಕ್ಯಾರವಾನಿನ ವಿರೋಧಿಯಲ್ಲ. ನನ್ನ ತಾಯಿಗೆ ಆಗ ಎಂಬತ್ತೆರಡು. ಸೊಂಟ ನೋವಿನಿಂದ ಕಾರಿನಲ್ಲಿ ಅರ್ಧ ಗಂಟೆ ಕೂರಲಾಗದೆ ಐದು ವರ್ಷದಿಂದ ಮನೆ ಬಿಟ್ಟು ಹೊರಟಿರಲಿಲ್ಲ. ಆ ಗಾಡಿಯಲ್ಲಿ ಮಲಗಿಕೊಂಡೇ ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ನೋಡಿದರು. “ಇಷ್ಟ್ ಹತ್ರ ಇದ್ದ್ರೂ ಕಾಂಬುಕಾಯ್ಲಿಲ್ಲ ಕಾಣ್” ಎಂದು ಕಣ್ಣೊರೆಸಿಕೊಂಡರು. ಅಲ್ಲಿಗೇ ತಿರುಗಿ ಬಂದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ನಾವುಂದದ ಹತ್ತಿರ ಹೆದ್ದಾರಿ ಬಿಟ್ಟು ಒಳದಾರಿ ಹಿಡಿದೆವು, ಅಮ್ಮನ ತವರಿನ ಕಡೆಯವರ ಮನೆಗೆ ಹೋಗುವುದೆಂದು. ಮೂರು ದಿನ ಬಿಡದೆ ಹೊಯ್ದ ಮಳೆ. ಬೈಲಿನ ನಡುವೆ ರಸ್ತೆಯ ಮೇಲೆ ನೀರು ಹರಿಯುತ್ತಿತ್ತು. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಆಚೆಯಿಂದ ನಡೆದು ಬರುತ್ತಿದ್ದ ಹೆಂಗಸೊಬ್ಬಳಿಗೆ ನೀರು ಮೊಣಕಾಲಿಗಿತ್ತು. ಅವಳು ಕೈ ಬೀಸಿ, “ಹೋಯ್, ನೀರ್ ಜಾಸ್ತಿ ಇತ್ತ್, ಹಿಂದ್ ತಿರ್ಗ್ಸಿ” ಎಂದು ಕೂಗಿದಳು. ನಮ್ಮ ಹುಡುಗ ಹಲ್ಲು ಕಿರಿದು, “ಇದು ಎತ್ತರದ ಗಾಡಿ, ದೊಡ್ಡಮ್ಮ. ಏನೂ ಆಗುವುದಿಲ್ಲ” ಎಂದ. ಬೇಡ ಎಂದು ನನ್ನ ಬಾಯಿಗೆ ಬಂದದ್ದು ಹೌದು. ಆದರೆ ಗಾಡಿ ಅವನದ್ದು, ಓಡಿಸುವವನು ಅವನು, ನನಗೇನು ಗೊತ್ತು ಎಂದು ಚಕ್ಕುಲಿ ಡಬ್ಬ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತೆ. ಮೂವತ್ತು ವರ್ಷ ಮಕ್ಕಳಿಗೆ ‘ಕೂತ್ಕೊ’, ‘ನಿಲ್ಲು’ ಎಂದು ಹೇಳಿದ ಬಾಯಿ ಇದು!

ಅರ್ಧ ದಾರಿಯಲ್ಲಿ ಗಾಡಿ ಕೆಮ್ಮಿದಂತೆ ಮಾಡಿ ನಿಂತಿತು. ಅವನು ಚಾವಿ ತಿರುಗಿಸಿದ. ಆಗಲಿಲ್ಲ. ಮತ್ತೆ ತಿರುಗಿಸಿದ. ಆ ಹೆಂಗಸು ಕಿಟಕಿಯ ಹತ್ತಿರವೇ ಬಂದು, “ಚಾವಿ ತಿರ್ಗ್ಸ್‌ಬೇಡಿ ಮಾರಾಯ್ರೆ, ನಮ್ ಹುಡ್ಗನ್ ರಿಕ್ಷಾ ಹಾಂಗೇ ಹಾಳಾದ್ದ್” ಎಂದಳು. ಅವನು ಕೇಳಲಿಲ್ಲ. ಮೂರನೆಯ ಸಲ ಎಂಜಿನ್ ಹಿಡಿಯಿತು. ಎರಡು ಕ್ಷಣ ತಿರುಗಿ, ‘ಠಕ್’ ಎಂದು ಒಳಗೇನೋ ಮುರಿದ ಸದ್ದಾಗಿ ನಿಂತೇಹೋಯಿತು. ನೀರು ಮೆಟ್ಟಿಲಿನಿಂದ ಒಳಗೆ ಬರಹತ್ತಿತು. ಆ ಹೆಂಗಸೇ ಓಡಿ ನಾಲ್ಕು ಜನರನ್ನು ಕರೆತಂದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಹೊತ್ತು ದಾಟಿಸಿದರು. ಮಗುವನ್ನು ಒಬ್ಬಾತ ಹೆಗಲ ಮೇಲೆ ಕೂರಿಸಿಕೊಂಡ. ಕುರ್ಚಿಯ ಕೈ ಹಿಡಿದುಕೊಂಡು ನಡುಗುತ್ತಿದ್ದ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಉತ್ತರ ಹುಡುಕುತ್ತಲೇ ಇಷ್ಟೆಲ್ಲ ಕಲಿತೆ.

ಗ್ಯಾರೇಜಿನಲ್ಲಿ ಬಿಚ್ಚಿದಾಗ ಎರಡು ಕನೆಕ್ಟಿಂಗ್ ರಾಡ್ ಬಾಗಿದ್ದವು. ಉಕ್ಕಿನ ಸರಳು ನೀರಿಗೆ ಬಾಗುವುದೆಂದರೇನು? ನಂಬಿಕೆಯಾಗದೆ ನಮ್ಮ ಶಾಲೆಯ ವಿಜ್ಞಾನ ಟೀಚರನ್ನು ಕೇಳಿದೆ. ಅವರು ಸೂಜಿಯಿಲ್ಲದ ಇಂಜೆಕ್ಷನ್ ಸಿರಿಂಜು ಕೊಟ್ಟು, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ಎಂದರು. ಒಳಗಿದ್ದ ಗಾಳಿ ಕುಗ್ಗಿತು. ನೀರು ತುಂಬಿಸಿ ಒತ್ತಿಸಿದರು. ಒಂದು ಕೂದಲೆಳೆಯಷ್ಟೂ ಕುಗ್ಗಲಿಲ್ಲ. “ಎಂಜಿನ್ ಅಂದರೆ ಇದೇ” ಎಂದರು. ಗಾಡಿ ಡೀಸೆಲನ್ನು ಮಾತ್ರ ಕುಡಿಯುವುದಲ್ಲ, ಒಂದೇ ಸಮನೆ ಗಾಳಿಯನ್ನೂ ಎಳೆಯುತ್ತದೆ. ಆ ಗಾಳಿ ಒಂದು ಕೊಳವೆಯ ಬಾಯಿಂದ ಹೊಕ್ಕು, ಫಿಲ್ಟರಿನ ಪೆಟ್ಟಿಗೆಯಲ್ಲಿ ಧೂಳು ಕಳೆದುಕೊಂಡು, ಸಿಲಿಂಡರಿಗೆ ಹೋಗುತ್ತದೆ. ಪಿಸ್ಟನ್ ಮೇಲೇರಿ ಅದನ್ನು ಒತ್ತುತ್ತದೆ. 2600 ಸಿ.ಸಿ.ಯ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಎಂದಿಟ್ಟುಕೊಳ್ಳಿ. ಒಂದೊಂದು ಸಿಲಿಂಡರಿನ ಪಾಲಿಗೆ 650 ಸಿ.ಸಿ. ಗಾಳಿ. ಅದನ್ನು ಸುಮಾರು ಹದಿನೆಂಟನೆಯ ಒಂದು ಪಾಲಿಗೆ ಒತ್ತಿದರೆ ಉಳಿಯುವ ಜಾಗ ಬರೀ 36 ಮಿಲಿಲೀಟರ್. ಮಕ್ಕಳ ಕೆಮ್ಮಿನ ಔಷಧಿಯ ಹತ್ತು ಮಿಲಿಲೀಟರಿನ ಮುಚ್ಚಳದಲ್ಲಿ ಮೂರೂವರೆ ಮುಚ್ಚಳ! ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ನಿಗೆ ಮೇಲೇರಲು ಜಾಗವಿಲ್ಲ. ಕೆಳಗಿನಿಂದ ದೂಡುವ ಬಲ ಬಿಡುವುದಿಲ್ಲ, ಮೇಲಿನ ನೀರು ಕುಗ್ಗುವುದಿಲ್ಲ. ನಡುವೆ ಸಿಕ್ಕಿಬಿದ್ದ ರಾಡು ಬಾಗುತ್ತದೆ. ಪೆಟ್ರೋಲ್ ಗಾಡಿ ಹತ್ತರಲ್ಲೊಂದು ಪಾಲಿನಷ್ಟಕ್ಕೆ ಒತ್ತುವುದರಿಂದ ಜಾಗ ತುಸು ಜಾಸ್ತಿ, ಅಷ್ಟೆ. ಪಾಡು ಅದೇ.

ನಮಗೆ ನೀರು ಕುಡಿಯುವಾಗ ‘ನೆತ್ತಿಗೆ ಹತ್ತಿತು’ ಎನ್ನುತ್ತೇವಲ್ಲ, ಇದೂ ಹಾಗೆಯೇ. ನೆತ್ತಿಗೆ ಹತ್ತಿದ ಮಗುವಿಗೆ ಮತ್ತೊಂದು ಲೋಟ ನೀರು ಹೊಯ್ಯುವ ತಾಯಿ ಇದ್ದಾಳೆಯೇ? ನಿಂತ ಗಾಡಿಗೆ ಮತ್ತೆ ಚಾವಿ ತಿರುಗಿಸುವುದೆಂದರೆ ಅದನ್ನೇ ಮಾಡಿದ ಹಾಗೆ. “ನಿಧಾನ ಹೋಗುವಾಗ ತಾನಾಗಿ ನಿಂತ ಎಂಜಿನ್ ಎಷ್ಟೋ ಸಲ ಉಳಿಯುತ್ತದೆ. ಕೆಡಿಸುವುದು ಆಮೇಲಿನ ಸ್ಟಾರ್ಟು” ಎಂದು ಮೇಸ್ತ್ರಿ ಹೇಳಿದಾಗ ನಮ್ಮ ಹುಡುಗ ತಲೆ ತಗ್ಗಿಸಿದ. ಬಾಯಿ ಮುಚ್ಚಿ ಕೂತಿದ್ದ ನಾನೂ ತಗ್ಗಿಸಿದೆ.

ಇನ್ನೊಂದು ಸಂಗತಿಯೂ ಹೊರಗೆ ಬಿತ್ತು. ಒಳಗಿನ ಫ್ಯಾನು ದೀಪಕ್ಕೆಂದು ಎರಡನೆಯ ಬ್ಯಾಟರಿ ಕೂರಿಸಲು ಜಾಗ ಸಾಲದೆ, ಗಾಡಿ ಕಟ್ಟಿಕೊಟ್ಟವರು ಗಾಳಿಯ ಕೊಳವೆಯನ್ನು ಬಗ್ಗಿಸಿ ಕೆಳಗೆ ತಂದಿದ್ದರು. ಅದರ ಬಾಯಿ ಮುಂದಕ್ಕೆ ತಿರುಗಿಕೊಂಡು ನೆಲದಿಂದ ಎರಡಡಿಗೂ ಕಡಿಮೆ ಎತ್ತರದಲ್ಲಿತ್ತು. ಲೆಕ್ಕ ನೋಡಿ. ಮೊಣಕಾಲುದ್ದ ನೀರೆಂದರೆ ಒಂದೂವರೆ ಅಡಿ. ಗಾಡಿ ನುಗ್ಗುವಾಗ ಮುಂದೆ ಅಲೆ ಏಳುತ್ತದೆ, ಅದು ಅರ್ಧ ಅಡಿ. ಎರಡಾಯಿತಲ್ಲ! ಇದಕ್ಕೆ ಮಳೆಯನ್ನು ಬೈದು ಏನು ಪ್ರಯೋಜನ? ಹಾಸಿಗೆಯ ಹೊದಿಕೆಗೆ ಹತ್ತು ಬಣ್ಣ ನೋಡಿದ ದಂಪತಿ, ನಲ್ಲಿ ಹಿತ್ತಾಳೆಯದ್ದೋ ಸ್ಟೀಲಿನದ್ದೋ ಎಂದು ವಾರವಿಡೀ ಚರ್ಚೆ ಮಾಡಿದವರು, ಗಾಡಿ ಉಸಿರಾಡುವುದು ಎಲ್ಲಿಂದ ಎಂದು ಒಂದು ಸಲವೂ ಕೇಳಿರಲಿಲ್ಲ. ಒಂದು ಲಕ್ಷ ಎಪ್ಪತ್ತು ಸಾವಿರ ರೂಪಾಯಿ ಹೋಯಿತು. ವಿಮೆಯವರು ಕೈಯಾಡಿಸಿಬಿಟ್ಟರು. ಸಾಮಾನ್ಯ ವಿಮೆಯಲ್ಲಿ ನೆರೆಯಿಂದಾದ ನಷ್ಟ ಸೇರಿದ್ದರೂ, ನೀರು ಹೊಕ್ಕ ಎಂಜಿನ್ನನ್ನು ತಿರುಗಿಸಿ ಆದ ಹಾನಿಯನ್ನು ಬೇರೆಯೇ ಎಂದು ತಳ್ಳಿಹಾಕುವುದುಂಟು. ಅದಕ್ಕೆ ಎಂಜಿನ್ ರಕ್ಷಣೆಯ ಪ್ರತ್ಯೇಕ ಕಂತು ಕಟ್ಟಿರಬೇಕು. ಮನೆಯ ಲೆಕ್ಕ ಬರೆಯುವ ಹೆಂಗಸರು ವಿಮೆಯ ಕಾಗದವನ್ನೂ ಒಮ್ಮೆ ಓದಿ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಈಗ ನನ್ನೊಡನೆ ವಾದಕ್ಕೆ ಬರುವವರ ಸರದಿ.

ಒಬ್ಬರು ಹೇಳುತ್ತಾರೆ: “ಸೈಲೆನ್ಸರಿಗೆ ನೀರು ಹೋಗದಂತೆ ಎಕ್ಸಿಲೇಟರ್ ಒತ್ತಿ ಜೋರಾಗಿ ದಾಟಿಬಿಡಬೇಕು.” ಇದು ನಮ್ಮೂರಿನ ದೊಡ್ಡ ಮೂಢನಂಬಿಕೆ. ಎಂಜಿನ್ ತಿರುಗುತ್ತಿರುವಾಗ ಸೈಲೆನ್ಸರಿನಿಂದ ಹೊಗೆ ಹೊರಗೆ ದೂಡುತ್ತಿರುತ್ತದೆ. ನೀರನ್ನು ಒಳಗೆಳೆಯುವುದು ಮುಂದಿನ ಮೂಗು, ಹಿಂದಿನ ಬಾಲವಲ್ಲ. ಜೋರಾಗಿ ಹೋದಷ್ಟೂ ಮುಂದಿನ ಅಲೆ ಎತ್ತರ, ಎಂಜಿನ್ ಎಳೆಯುವ ಗಾಳಿಯೂ ಜಾಸ್ತಿ.

ಇನ್ನೊಬ್ಬರದ್ದು: “ಜೀಪಿನವರ ಹಾಗೆ ಮಾಡಿನವರೆಗೆ ಉದ್ದದ ಕೊಳವೆ ಹಾಕಿಸಿದರಾಯಿತು, ಸ್ನಾರ್ಕೆಲ್.” ಹಾಕಿಸಿ, ಬೇಡವೆನ್ನುವುದಿಲ್ಲ. ಗಾಡಿಯನ್ನು ಮನೆ ಮಾಡಿಸುವವರು ಕೊಳವೆಯ ಬಾಯನ್ನು ಎತ್ತರಕ್ಕೆ ಒಯ್ಯಲೇಬೇಕು. ಮಳೆ ನೇರ ಹೊಡೆಯದಂತೆ ಹಿಂದಕ್ಕೋ ಕೆಳಕ್ಕೋ ತಿರುಗಿಸಿ ಮೇಲೊಂದು ಮರೆ ಕೊಡಬೇಕು. ಆದರೆ ಮೇಲಿನ ಬಾಯಿ ಎಷ್ಟು ಎತ್ತರದಲ್ಲಿದ್ದರೇನು, ಕೆಳಗೆ ಒಂದು ಜೋಡಣೆ ಸಡಿಲವಿದ್ದರೆ ಗಾಡಿ ಅಲ್ಲಿಂದಲೇ ನೀರು ಎಳೆಯುತ್ತದೆ. ಕ್ಯಾರವಾನಿನಂಥ ಅಗಲ ಗೋಡೆಯ ಗಾಡಿಯನ್ನು ಹರಿಯುವ ನೀರು ಬದಿಗೆ ದೂಡುತ್ತದೆ, ಎತ್ತುತ್ತದೆ ಕೂಡ. ಉದ್ದದ ಕೊಳವೆ ಎಂಜಿನ್ನಿಗೆ ಉಸಿರು ಕೊಟ್ಟೀತು, ಒಳಗಿದ್ದವರನ್ನು ದಡ ಸೇರಿಸುವ ಭರವಸೆ ಕೊಡದು.

ಮೂರನೆಯವರು ಜಾಣರು: “ಮೊದಲು ಸರಕಾರ ರಸ್ತೆ ಚರಂಡಿ ಸರಿ ಮಾಡಲಿ.” ಈ ಮಾತಿನಲ್ಲಿ ನ್ಯಾಯವಿದೆ. ಹೆದ್ದಾರಿ ಎತ್ತರವಾಯಿತು, ಬದಿಯ ಸರ್ವಿಸ್ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ, ತೋಡುಗಳು ಮುಚ್ಚಿಹೋಗಿವೆ. ಇದಕ್ಕೆ ಅರ್ಜಿ ಬರೆಯಿರಿ, ಮೊದಲ ಸಹಿ ನನ್ನದು. ಆದರೆ ಅರ್ಜಿ ವಿಲೇವಾರಿ ಆಗುವವರೆಗೆ ಇವತ್ತು ಸಂಜೆ ನಿಮ್ಮ ಮಗು ಬರುವ ವ್ಯಾನಿನ ಗತಿ?

ವ್ಯಾನಿನ ಮಾತು ಬಂತು, ಹೇಳಿಬಿಡುತ್ತೇನೆ. ಬ್ರಹ್ಮಾವರದ ಕಡೆ ನಾನಿದ್ದ ಒಂದು ಶಾಲೆಯಲ್ಲಿ, ನೀರು ಕಂಡಲ್ಲಿ ಗಾಡಿ ನಿಲ್ಲಿಸಿಬಿಡುವ ಚಾಲಕನೊಬ್ಬನಿದ್ದ. ಮಕ್ಕಳನ್ನು ಹತ್ತಿರದ ಮನೆಯ ಜಗಲಿಯಲ್ಲಿ ಕೂರಿಸಿ, ನೀರು ಇಳಿಯುವವರೆಗೆ ಕಾಯುತ್ತಿದ್ದ. ಮನೆ ಮುಟ್ಟುವಾಗ ಒಂದು ಗಂಟೆ ತಡ. ತಾಯಂದಿರು ನನ್ನ ಹತ್ತಿರ ದೂರು ತಂದರು: “ಬೇರೆ ವ್ಯಾನಿನವರು ಬರುವುದಿಲ್ಲವಾ? ಇವನಿಗೆ ಮಾತ್ರ ಹೆದರಿಕೆಯಾ?” ಆ ವರ್ಷದ ಕೊನೆಗೆ ಅವನು ಬಿಟ್ಟುಹೋದ. ಅವನ ಪರವಾಗಿ ನಾನು ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ. ನಿಲ್ಲಿಸುವವನನ್ನು ಹೇಡಿ ಎಂದು ಬೈದು ಓಡಿಸಿದರೆ ಉಳಿಯುವವರು ಯಾರು? ನುಗ್ಗಿಸುವವರು! ಅವರನ್ನು ತಯಾರು ಮಾಡಿದ್ದು ನಾವೇ.

ನೀರಿನಲ್ಲಿ ಎಂಜಿನ್ ನಿಲ್ಲುವುದು ಬರೀ ದುಡ್ಡಿನ ನಷ್ಟವಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆ ನೀರಿಗೆ ಇಳಿದ ಕಾರು ಅಲ್ಲೇ ಸಿಕ್ಕಿಬಿತ್ತು. ಕುಟುಂಬದ ಜೊತೆ ಊರು ನೋಡಲು ಹೊರಟಿದ್ದ ಇಪ್ಪತ್ತರ ಹರೆಯದ ಯುವತಿ ತೀರಿಕೊಂಡಳು. ವಿಧಾನಸೌಧದಿಂದ ಕೂಗಳತೆಯ ಜಾಗವದು. ಹೊಳೆಯೂ ಅಲ್ಲ, ಕಡಲೂ ಅಲ್ಲ. ನೀರಿನ ಆಳವನ್ನು ಹೊರಗಿನಿಂದ ಅಳೆಯಲು ಯಾರಿಗೂ ಬರುವುದಿಲ್ಲ. ಆದ್ದರಿಂದ ನಿಲ್ಲುವುದೊಂದೇ ಜಾಣತನ.

ನಿಲ್ಲುವುದರಲ್ಲಿ ಅವಮಾನವೇನಿದೆ? ನಮ್ಮ ಅಜ್ಜಿ ಹೇಳುತ್ತಿದ್ದರು, ಈ ಹೊಳೆಗಳಿಗೆ ಸೇತುವೆ ಆಗುವ ಮೊದಲು ಬಸ್ಸು ಕಡವಿನವರೆಗೆ ಬಂದು ನಿಲ್ಲುತ್ತಿತ್ತಂತೆ. ಜನ ಇಳಿದು, ದೋಣಿಯಲ್ಲಿ ದಾಟಿ, ಆಚೆ ಇನ್ನೊಂದು ಬಸ್ಸು ಹತ್ತುತ್ತಿದ್ದರು. ಹೊಳೆ ಜೋರಿದ್ದ ದಿನ ಅಂಬಿಗ ‘ಇಲ್ಲ’ ಎಂದರೆ ಸಾಹುಕಾರನಾದರೂ ಸರಿ, ದಡದಲ್ಲೇ ಕಾಯಬೇಕು. ನಮ್ಮ ಯಕ್ಷಗಾನ ಮೇಳಗಳ ತಿರುಗಾಟವೂ ಪತ್ತನಾಜೆಗೆ ಮುಗಿಯುವುದು ಯಾಕೆ? ಮಳೆಯಲ್ಲಿ ಗಂಟುಮೂಟೆ ಕಟ್ಟಿ ಊರೂರು ಅಲೆಯುವುದಲ್ಲ ಎಂಬ ತಿಳುವಳಿಕೆ ಹಿರಿಯರಿಗಿತ್ತು. ಟಾರು ರಸ್ತೆ ಬಂದದ್ದೇ ತಡ, ಅದರ ಮೇಲೆ ನೀರಿದ್ದರೂ ಅದು ರಸ್ತೆಯೇ ಎಂದುಕೊಂಡಿದ್ದೇವೆ.

ನೀವು ಏನು ಮಾಡಬೇಕೆಂದು ಹೇಳದೆ ಬರೀ ಜಗಳವಾಡಿದರೆ ಮೇಷ್ಟ್ರಿಕೆಗೆ ಅವಮಾನ. ಮೇ ತಿಂಗಳಲ್ಲೇ, ಉಪ್ಪಿನಕಾಯಿ ಹಾಕಿ ಮುಗಿದ ಮೇಲೆ, ಮನೆಯ ಗಾಡಿಯ ಬಾನೆಟ್ ತೆಗೆಸಿ “ಇದರ ಗಾಳಿಯ ಬಾಯಿ ಎಲ್ಲಿದೆ, ತೋರಿಸಿ” ಎಂದು ಮೇಸ್ತ್ರಿಯನ್ನು ಕೇಳಿ. ನೆಲದಿಂದ ಎಷ್ಟೆತ್ತರ ಎಂದು ಟೇಪು ಹಿಡಿದು ಅಳೆಯಿರಿ. ಫಿಲ್ಟರ್ ಪೆಟ್ಟಿಗೆಯ ಮುಚ್ಚಳದ ಕ್ಲಿಪ್ಪುಗಳು ಕೂತಿವೆಯೇ, ರಬ್ಬರ್ ಕೊಳವೆ ಬಿರುಕು ಬಿಟ್ಟಿದೆಯೇ ನೋಡಿಸಿ. ಪೆಟ್ಟಿಗೆಯ ಅಡಿಯಲ್ಲಿ ನೀರು ಸೋರಿಹೋಗಲೆಂದೇ ಬಿಟ್ಟ ತೂತು ಇದ್ದರೆ ಅದನ್ನು ಮುಚ್ಚಲು ಬಿಡಬೇಡಿ. ಹಲಸಿನ ಮರದಡಿ ಗಾಡಿ ನಿಲ್ಲಿಸುವವರು ಮುಂದಿನ ಗಾಜಿನ ಕೆಳಗಿನ ಸಂದಿಯಿಂದ ಎಲೆ ತೆಗೆಯುತ್ತಿರಬೇಕು. ಅಲ್ಲಿನ ನೀರು ಹೋಗುವ ದಾರಿ ಕಟ್ಟಿದರೆ ನಿಂತಲ್ಲೇ ನೀರು ಒಳಗೆ ಇಳಿಯುತ್ತದೆ. ಅಂಗಳದ ತುಂಬೆ ಕಟ್ಟೆಗೆ ನೀರು ಹೋಗುವ ದಾರಿ ಬಿಡಿಸಿಕೊಡುವ ಕೈಗೆ ಇದೇನು ಹೊಸ ಕೆಲಸವೇ? ತೊಳೆಯುವಾಗ ಪಂಪಿನ ಜೋರು ನೀರನ್ನು ಬಾನೆಟ್ ಒಳಗೆ ಹೊಡೆಸಬೇಡಿ.

ದಾರಿಯಲ್ಲಿ ನೀರು ಕಂಡರೆ ನಿಲ್ಲಿ. ತಾನಾಗಿ ನಿಂತು ತಾನಾಗಿ ಸ್ಟಾರ್ಟ್ ಆಗುವ ವ್ಯವಸ್ಥೆ ಇರುವ ಹೊಸ ಗಾಡಿಯಾದರೆ ಮಳೆಯಲ್ಲಿ ಅದನ್ನು ಬಂದ್ ಮಾಡಿ. ನೀರಿನಲ್ಲಿ ಎಂಜಿನ್ ನಿಂತರೆ ಮೊದಲು ಜನ ಇಳಿಯಬೇಕು, ಎತ್ತರಕ್ಕೆ ಹೋಗಬೇಕು. ಗಾಡಿಯ ವಿಚಾರ ಆಮೇಲೆ. ಚಾವಿ ತೆಗೆದು ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ! ಗಾಡಿಯನ್ನು ದೂಡಿಯೋ ಎಳೆಸಿಯೋ ಗ್ಯಾರೇಜಿಗೆ ಮುಟ್ಟಿಸಿದರೆ, ಬಲ್ಲ ಮೇಸ್ತ್ರಿ ಬ್ಯಾಟರಿ ಕಳಚಿ, ಫಿಲ್ಟರ್ ಒದ್ದೆಯಾಗಿದೆಯೇ ನೋಡಿ, ಪ್ಲಗ್ಗನ್ನೋ ಇಂಜೆಕ್ಟರನ್ನೋ ಬಿಚ್ಚಿ, ಕೈಯಲ್ಲೇ ಎಂಜಿನ್ ತಿರುಗಿಸಿ ನೀರು ಹೊರಹಾಕುತ್ತಾನೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೂ ನೀರು ಸೇರಿದೆ ಎಂದರ್ಥ. ಅಂಗಳದಲ್ಲೇ ಮುಳುಗಿದ ಗಾಡಿಗೂ ಇದೇ ನಿಯಮ. 2020ರ ಸೆಪ್ಟೆಂಬರ್ 20ರಂದು ಉಡುಪಿ, ಬ್ರಹ್ಮಾವರದ ಕಡೆ ಹೊಳೆಗಳು ಉಕ್ಕಿ ಜನರನ್ನು ದೋಣಿಯಲ್ಲಿ ಸಾಗಿಸಿದ್ದು ನೆನಪಿರಬಹುದು. ಅಂಥ ನೆರೆ ಇಳಿದ ಮೇಲೆ ‘ಸರಿಯಿದೆಯಾ ನೋಡುವ’ ಎಂದು ಚಾವಿ ತಿರುಗಿಸುವ ಆತುರವೇ ಉಳಿದ ಎಂಜಿನ್ನನ್ನು ಮುಗಿಸುತ್ತದೆ.

ಇದರಲ್ಲಿ ಗಂಡಸರಿಗೆ ಮಾತ್ರ ಅರ್ಥವಾಗುವಂಥದ್ದು ಏನಾದರೂ ಇದೆಯೇ, ಹೇಳಿ. ಕುಕ್ಕರಿನ ವೆಯ್ಟಿನಲ್ಲಿ ಅನ್ನದ ಅಗಳು ಸಿಕ್ಕಿದರೆ ಏನಾಗುತ್ತದೆಂದು ತಿಳಿದವಳಿಗೆ ಇದು ತಿಳಿಯದೆ? ಆವತ್ತು ನಮ್ಮೆಲ್ಲರಿಗಿಂತ ಹೆಚ್ಚು ತಿಳಿದಿದ್ದವಳು ಕೊಪ್ಪೆ ಹಾಕಿದ್ದ ಆ ಹೆಂಗಸು. ಎರಡು ಸಲ ಹೇಳಿದಳು. ಅವಳ ಮಾತನ್ನು ನಮ್ಮ ಹುಡುಗ ಕೇಳದೆ ಹೋದದ್ದು ಅವನ ಸೊಕ್ಕು. ನಾನು ಅವಳ ಮಾತಿಗೆ ದನಿ ಸೇರಿಸದೆ ಕೂತದ್ದಕ್ಕೆ ಏನು ಹೆಸರಿಡಲಿ?

ಹೋದ ಮೇ ತಿಂಗಳಲ್ಲಿ ಹುಡುಗ ಮತ್ತೆ ಗಾಡಿ ತಂದಿದ್ದ. ಕೊಳವೆಯ ಬಾಯನ್ನು ಈಗ ಮುಂದಿನ ಗಾಜಿನ ಮಟ್ಟಕ್ಕೆ ಏರಿಸಿದ್ದಾನೆ. ಬಾಗಿಲ ಒಳಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದಾನೆ, ಚಕ್ರದ ಅರ್ಧದ ಮಟ್ಟಕ್ಕೆ. “ಕೊಳವೆ ಎತ್ತರವಾಯಿತಲ್ಲ, ಗೆರೆ ಯಾಕೆ ಇಷ್ಟು ಕೆಳಗೆ?” ಎಂದೆ. “ಅದು ಎಂಜಿನ್ನಿನ ಗೆರೆಯಲ್ಲ, ಅಮ್ಮಮ್ಮನ ಗೆರೆ ದೊಡ್ಡಮ್ಮ. ಅದಕ್ಕಿಂತ ಮೇಲೆ ನೀರಿದ್ದರೆ ಹೋಗುವುದಿಲ್ಲ” ಎಂದ. ಅಮ್ಮ ಮಲಗಿಕೊಂಡು ಮರವಂತೆಗೆ ಇನ್ನೊಮ್ಮೆ ಹೋಗಿ ಬಂದರು. ಹೊರಡುವ ಮೊದಲು ನನ್ನನ್ನು ಕರೆದು, “ನೀನ್ ಮುಂದ್ ಕೂತ್ಕೊ” ಎಂದರು. ಮುಂದೆಯೇ ಕೂತೆ. ಚಕ್ಕುಲಿ ಡಬ್ಬವನ್ನು ಹಿಂದೆ ಕೊಟ್ಟೆ.